ಒಂದೇ ಬಗೆಯ ಎರಡು ಹಂಬಕರ್ ಪಿಕಪ್‌ಗಳ ನಾದವನ್ನು ಹೋಲಿಸುವ ಕ್ರಮ

ನಮ್ಮ ದಾವಣಗೆರೆಯ ಜವಳಿ ಅಂಗಡಿಗಳಲ್ಲಿ ಎರಡು ಬಟ್ಟೆಗಳ ಬಣ್ಣ ಒಂದೇ ಹೌದೋ ಅಲ್ಲವೋ ಎಂಬ ಅನುಮಾನ ಬಂದರೆ, ತಿಳಿದ ಗಿರಾಕಿಗಳು ಎರಡನ್ನೂ ಒಟ್ಟಿಗೆ ಬಾಗಿಲ ಬಳಿ ತಂದು, ಒಂದೇ ಬಿಸಿಲಿನಲ್ಲಿ ಅಕ್ಕಪಕ್ಕ ಹಿಡಿದು ನೋಡುತ್ತಾರೆ. ಒಂದನ್ನು ಇವತ್ತು ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಇನ್ನೊಂದನ್ನು ನಾಳೆ ಬಿಸಿಲಿನಲ್ಲಿ ನೋಡಿ ಯಾರೂ ತೀರ್ಮಾನಿಸುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಕಾಂತ ಮತ್ತು ಸುರುಳಿಯ ಭಾಗ) ವಿಷಯದಲ್ಲಿ ಮಾತ್ರ ನಮ್ಮಲ್ಲಿ ಅನೇಕರು ಈ ಎಚ್ಚರ ಮರೆಯುತ್ತಾರೆ: ಹಳೆಯ ಪಿಕಪ್ ತೆಗೆದು, ಹೊಸದನ್ನು ಬೆಸುಗೆ ಹಾಕಿ, ಹೊಸ ತಂತಿ ಏರಿಸಿ, ಎರಡು ಗಂಟೆ ಕಳೆದ ಮೇಲೆ ನುಡಿಸಿ ನೋಡಿ, ನಾದ ಬದಲಾಯಿತೆಂದು ಹೇಳುತ್ತಾರೆ. ನಾದ ಬದಲಾಗಿರುವುದು ನಿಜ. ಆದರೆ ಆ ಬದಲಾವಣೆಯಲ್ಲಿ ಪಿಕಪ್‌ನ ಪಾಲು ಎಷ್ಟು, ತಂತಿಯ ಪಾಲು ಎಷ್ಟು, ಪಿಕಪ್ ಕೂರಿಸಿದ ಎತ್ತರದ ಪಾಲು ಎಷ್ಟು ಎಂಬುದನ್ನು ಬೇರ್ಪಡಿಸದಿದ್ದರೆ ಆ ಹೋಲಿಕೆಯಿಂದ ಏನೂ ತಿಳಿಯುವುದಿಲ್ಲ.

ತೀರ ಬೇರೆಯಾದ ಎರಡು ಪಿಕಪ್‌ಗಳಿಗೆ ಇಷ್ಟು ಕಷ್ಟಪಡಬೇಕಿಲ್ಲ. ಸೆರಾಮಿಕ್ ಕಾಂತವಿರುವ ಡಿಮಾರ್ಜಿಯೋ ಕಂಪನಿಯ 'ಸೂಪರ್ ಡಿಸ್ಟಾರ್ಷನ್' ಪಿಕಪ್ಪನ್ನೂ ಹಳೆಯ ಮಾದರಿಯ ಕಡಿಮೆ ಶಕ್ತಿಯ ಹಂಬಕರ್ (ಎರಡು ಸುರುಳಿಯ ಪಿಕಪ್) ಒಂದನ್ನೂ ಯಾರಾದರೂ ಕಣ್ಣು ಮುಚ್ಚಿ ಗುರುತಿಸಬಲ್ಲರು. ಕಷ್ಟ ಎದುರಾಗುವುದು ಒಂದೇ ಮನೆತನದ ಪಿಕಪ್‌ಗಳ ನಡುವೆ. ಉದಾಹರಣೆಗೆ ಸೆಮೋರ್ ಡಂಕನ್ ಕಂಪನಿಯ 'ಫಿಫ್ಟಿನೈನ್' ಮತ್ತು 'ಪರ್ಲಿ ಗೇಟ್ಸ್' ಎಂಬ ಎರಡು ಬ್ರಿಜ್ ಪಿಕಪ್‌ಗಳನ್ನು (ಗಿಟಾರಿನ ದೇಹದ ಮೇಲೆ ತಂತಿಗಳು ಕೂರುವ ಬ್ರಿಜ್‌ನ ಪಕ್ಕದಲ್ಲಿ ಹಾಕುವವು) ತೆಗೆದುಕೊಳ್ಳೋಣ. ಎರಡರ ರೋಧವೂ 8 ಕಿಲೋ ಓಮ್‌ನ ಆಸುಪಾಸಿನಲ್ಲಿದೆ. ಮೊದಲನೆಯದರಲ್ಲಿ ಆಲ್ನಿಕೋ 5 (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಮಿಶ್ರಲೋಹ) ಕಾಂತವಿದೆ, ಎರಡನೆಯದರಲ್ಲಿ ಆಲ್ನಿಕೋ 2 ಇದೆ. ಇವೆರಡೂ ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ ರೂಪಿಸಿದ ಮೂಲ ಹಂಬಕರ್‌ನ ವಂಶದವು. ಅವರು ಪೇಟೆಂಟಿಗೆ ಅರ್ಜಿ ಹಾಕಿದ್ದು 1955ರಲ್ಲಿ, ಪಿಕಪ್ ಗಿಟಾರುಗಳ ಮೇಲೆ ಬಂದದ್ದು 1957ರಲ್ಲಿ, ಪೇಟೆಂಟ್ ಕೈಸೇರಿದ್ದು 1959ರಲ್ಲಿ. ಪಕ್ಕಪಕ್ಕದ ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಅವುಗಳ ಕಾಂತಧ್ರುವಗಳನ್ನೂ ವಿರುದ್ಧವಾಗಿಟ್ಟರೆ, ಹೊರಗಿನಿಂದ ಬರುವ ಕರೆಂಟಿನ ಗುಂಯ್‌ಗುಡುವಿಕೆ ಎರಡರಲ್ಲೂ ಸೇರಿ ರದ್ದಾಗುತ್ತದೆ, ತಂತಿಯ ಕಂಪನ ಮಾತ್ರ ಕೂಡಿಕೊಳ್ಳುತ್ತದೆ. 'ಹಮ್' ಎಂಬ ಆ ಗುಂಯ್‌ಗುಡುವಿಕೆಯನ್ನು ತಡೆಯುವ ಈ ಕೆಲಸವೇ ಹಂಬಕರ್ ಎಂಬ ಹೆಸರಿಗೆ ಕಾರಣ.

ಹೋಲಿಕೆಗೆ ಕುಳಿತವರು ಸಾಮಾನ್ಯವಾಗಿ ಮೊದಲು ಕೈಗೆತ್ತಿಕೊಳ್ಳುವುದು ಮಲ್ಟಿಮೀಟರನ್ನು. ಅಳೆಯುವುದು ಒಳ್ಳೆಯದೇ, ಆದರೆ ಆ ಅಂಕಿ ಏನನ್ನು ಹೇಳುತ್ತದೆ ಎಂಬುದು ಗೊತ್ತಿರಬೇಕು. ಬೋರ್‌ವೆಲ್ ಮೋಟಾರುಗಳನ್ನು ರಿವೈಂಡಿಂಗ್ ಮಾಡುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನರಿದ್ದಾರೆ. ತಂತಿ ತೆಳುವಾದರೆ ರೋಧ ಏರುತ್ತದೆ, ಸುತ್ತು ಹೆಚ್ಚಾದರೂ ಏರುತ್ತದೆ ಎಂಬುದು ಅವರಿಗೆ ನಿತ್ಯದ ಮಾತು. ಪಿಕಪ್‌ನಲ್ಲಿಯೂ ಅಷ್ಟೇ. ಹಳೆಯ ಮಾದರಿಯ ಹಂಬಕರ್‌ನ ಪ್ರತಿ ಸುರುಳಿಯಲ್ಲಿ 42ನೆಯ ಗೇಜಿನ, ಎಂದರೆ ಸುಮಾರು 0.063 ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಸುಮಾರು 5,000 ಸುತ್ತು ಇರುತ್ತದೆ. ಅದೇ 5,000 ಸುತ್ತನ್ನು ಇನ್ನೂ ತೆಳುವಾದ 43ನೆಯ ಗೇಜಿನಲ್ಲಿ ಸುತ್ತಿದರೆ ರೋಧ ಹೆಚ್ಚುಕಡಿಮೆ ಕಾಲು ಭಾಗ ಏರುತ್ತದೆ, ಸುತ್ತು ಮಾತ್ರ ಒಂದೂ ಹೆಚ್ಚಿರುವುದಿಲ್ಲ. ಆದ್ದರಿಂದ ಕಿಲೋ ಓಮ್ ಹೆಚ್ಚಿದ್ದರೆ ಶಕ್ತಿಯೂ ಹೆಚ್ಚು ಎಂಬ ನಂಬಿಕೆ ತಂತಿಯ ಗೇಜ್ ಒಂದೇ ಆಗಿದ್ದಾಗ ಮಾತ್ರ ಒಂದಿಷ್ಟು ನಿಲ್ಲುತ್ತದೆ.

ನಮ್ಮ ಊರಿನವರು ವಿಶೇಷವಾಗಿ ಗಮನಿಸಬೇಕಾದದ್ದು ಬಿಸಿಲನ್ನು. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇಕಡಾ 0.39ರಷ್ಟು ಏರುತ್ತದೆ. ಒಂದು ಜನವರಿಯ ಬೆಳಿಗ್ಗೆ, ಕೋಣೆ 20 ಡಿಗ್ರಿಯಲ್ಲಿದ್ದಾಗ, 8.0 ಕಿಲೋ ಓಮ್ ಎಂದು ಬರೆದಿಟ್ಟ ಪಿಕಪ್ ಒಂದನ್ನು ನಾನು ಏಪ್ರಿಲ್‌ನ ಮಧ್ಯಾಹ್ನ ಮತ್ತೆ ಅಳೆದೆ. ಕೋಣೆಯಲ್ಲಿ 38 ಡಿಗ್ರಿ ಇತ್ತು, ಮೀಟರ್ 8.5 ದಾಟಿತು. ನನ್ನ ಪಿಕಪ್ ಬೇರೆ ಯಾವುದರೊಡನೆಯೋ ಅದಲುಬದಲಾಗಿದೆ ಎಂದು ಅಂದು ಇಡೀ ಸಂಜೆ ಕೊರಗಿದೆ. 18 ಡಿಗ್ರಿಗೆ ಶೇಕಡಾ 7ರ ಏರಿಕೆ ಎಂದು ಲೆಕ್ಕ ಹಾಕಿದ ಮೇಲೆ ಎಲ್ಲವೂ ಸರಿಹೋಯಿತು. ಹಾಗಾಗಿ ಎರಡು ಪಿಕಪ್‌ಗಳನ್ನೂ ಒಂದೇ ಮೇಜಿನ ಮೇಲೆ ಒಂದು ಗಂಟೆ ಬಿಟ್ಟು, ಕೈಯ ಬಿಸಿ ತಾಗದಂತೆ ಒಟ್ಟಿಗೆ ಅಳೆಯಿರಿ. ಕೋಣೆಯ ಉಷ್ಣತೆಯನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ಇನ್ನು ಗಿಟಾರ್. ಹೋಲಿಕೆ ಒಂದೇ ಗಿಟಾರಿನ ಒಂದೇ ಸ್ಥಾನದಲ್ಲಿ ನಡೆಯಬೇಕು. ಹಂಬಕರ್ ಗಿಟಾರುಗಳಲ್ಲಿ ಸಾಮಾನ್ಯವಾಗಿ ಹಾಕುವ 500 ಕಿಲೋ ಓಮ್‌ನ ವಾಲ್ಯೂಮ್ ಪಾಟ್ (ಧ್ವನಿ ಏರಿಳಿಸುವ, ರೋಧ ಬದಲಿಸುವ ಬಿಡಿಭಾಗ) ವಾಸ್ತವದಲ್ಲಿ ಶೇಕಡಾ 20ರವರೆಗೆ ಆಚೀಚೆ ಇರಬಹುದು. ಒಂದು ಗಿಟಾರಿನಲ್ಲಿ 410, ಇನ್ನೊಂದರಲ್ಲಿ 580 ಇದ್ದರೆ, ಪಿಕಪ್ ಒಂದೇ ಆಗಿದ್ದರೂ ಎರಡನೆಯದರ ತಾರ ಭಾಗ ಹೆಚ್ಚು ತೆರೆದುಕೊಳ್ಳುತ್ತದೆ. ಎರಡು ಗಿಟಾರುಗಳ ನಡುವಿನ ಹೋಲಿಕೆಯಿಂದ ಪಿಕಪ್‌ನ ಬಗ್ಗೆ ಏನನ್ನೂ ಹೇಳಲಾಗದು ಎಂಬುದು ನನ್ನ ದೃಢ ಅಭಿಪ್ರಾಯ.

ಪ್ರತಿ ಬಾರಿ ಬೆಸುಗೆ ಬಿಚ್ಚಿ ಹಾಕುವುದು ಬೇಡ. ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುವ, ಸ್ಕ್ರೂ ಬಿಗಿದು ವೈರು ಹಿಡಿಸುವ ಸಣ್ಣ ಕನೆಕ್ಟರ್ ಪಟ್ಟಿಯೊಂದನ್ನು ಗಿಟಾರಿನ ಹಿಂಬದಿಯ ಕುಳಿಯಲ್ಲಿ ಕೂರಿಸಿ, ಪಾಟ್‌ಗೆ ಹೋಗುವ ವೈರುಗಳನ್ನು ಒಂದು ಬದಿಗೆ ಶಾಶ್ವತವಾಗಿ ಕಟ್ಟಿಬಿಡಿ. ಪಿಕಪ್‌ನ ವೈರುಗಳನ್ನು ಮೊಟಕು ಮಾಡದೆ ಇನ್ನೊಂದು ಬದಿಗೆ ಬಿಗಿಯಿರಿ. ಬದಲಿಸಲು ಹತ್ತು ನಿಮಿಷ ಸಾಕು. ಇದರಲ್ಲಿ ಇನ್ನೊಂದು ಲಾಭವಿದೆ: ಇಂಥ ಪಿಕಪ್‌ಗಳನ್ನು ನಾವು ಹೆಚ್ಚಾಗಿ ಬೆಂಗಳೂರಿನಿಂದಲೋ ಆನ್‌ಲೈನಿನಲ್ಲೋ ತರಿಸುವುದರಿಂದ, ವೈರು ಕತ್ತರಿಸದ, ಬೆಸುಗೆ ತಾಗದ ಪಿಕಪ್ ಬೇಡವಾದಾಗ ಬೇರೆಯವರಿಗೆ ಕೊಡುವುದು ಸುಲಭ. ತಂತಿಗಳನ್ನು ಪೂರ್ತಿ ಬಿಚ್ಚದೆ, ಸಡಿಲಿಸಿ, ಮೊದಲ ಫ್ರೆಟ್ಟಿನ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಯ) ಮೇಲೆ ಕ್ಯಾಪೋ, ಎಂದರೆ ತಂತಿ ಒತ್ತಿ ಹಿಡಿಯುವ ಕ್ಲಿಪ್ಪು, ಬಿಗಿದರೆ ಅವು ಬಿರಡೆಯಿಂದ ಜಾರುವುದಿಲ್ಲ. ಹೊಸ ತಂತಿ ಹಾಕುವುದಾದರೆ ಹಿಂದಿನ ದಿನವೇ ಹಾಕಿ, ಎಳೆದು, ಶ್ರುತಿ ನಿಲ್ಲಿಸಿರಿ, ನಡುವೆ ಬದಲಿಸಲೇಬೇಡಿ. ಹೊಸ ತಂತಿಯ ಮಿನುಗು ಪಿಕಪ್‌ಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು.

ಕೇಬಲ್ ಕೂಡ ಒಂದೇ ಇರಬೇಕು, ಮತ್ತು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಪಿಕಪ್‌ನ ಪ್ರೇರಕತ್ವವೂ (ಸುರುಳಿಯ ಗುಣ, ಹೆನ್ರಿಯಲ್ಲಿ ಅಳೆಯುವುದು) ಕೇಬಲ್‌ನ ಧಾರಕತ್ವವೂ (ವಿದ್ಯುದಾವೇಶ ಹಿಡಿಯುವ ಗುಣ, ಪಿಕೋಫ್ಯಾರಡ್‌ನಲ್ಲಿ ಅಳೆಯುವುದು) ಸೇರಿ ಒಂದು ಅನುರಣನ ಬಿಂದು, ಎಂದರೆ ಸಂಕೇತ ಅತಿ ಹೆಚ್ಚು ಏಳುವ ಆವರ್ತನ, ಹುಟ್ಟುತ್ತದೆ. ಅದರ ಆಚೆಗೆ ನಾದದ ತಾರ ಭಾಗ ಕುಸಿಯುತ್ತದೆ. 4.5 ಹೆನ್ರಿಯ ಪಿಕಪ್ ಒಂದು ಒಟ್ಟು 600 ಪಿಕೋಫ್ಯಾರಡ್‌ಗೆ ಜೋಡಿಯಾದರೆ ಆ ಬಿಂದು ಸುಮಾರು 3,000 ಹರ್ಟ್ಸ್‌ನಲ್ಲಿ ಬರುತ್ತದೆ. ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಇರುವ ಕೇಬಲನ್ನು ಇನ್ನೂ ಮೂರು ಮೀಟರ್ ಉದ್ದ ಮಾಡಿದರೆ ಅದು 2,500ಕ್ಕೆ ಇಳಿಯುತ್ತದೆ. ಚಿತ್ರದುರ್ಗದಿಂದ ನನ್ನಲ್ಲಿಗೆ ಕಲಿಯಲು ಬರುವ ಹುಡುಗನೊಬ್ಬ, "ಸರ್, ಮನೆಯಲ್ಲಿ ಚೆನ್ನಾಗಿದ್ದ ಪಿಕಪ್ಪು ವಾದ್ಯಗೋಷ್ಠಿಗೆ ಬಂದರೆ ಮಂಕಾಗ್ತದೆ" ಎಂದು ತಿಂಗಳುಗಟ್ಟಲೆ ಹೇಳುತ್ತಿದ್ದ. ಮನೆಯಲ್ಲಿ ಅವನದು ಮೂರು ಮೀಟರ್ ಕೇಬಲ್, ವೇದಿಕೆಯಲ್ಲಿ ಒಂಬತ್ತು ಮೀಟರ್. ಪಿಕಪ್ ಬದಲಿಸಲು ಕೂಡಿಟ್ಟ ಹಣ ಉಳಿಯಿತು.

ಎತ್ತರಕ್ಕೆ ಬಂದರೆ, ಕೊನೆಯ ಫ್ರೆಟ್ಟಿನ ಮೇಲೆ ತಂತಿಯನ್ನು ಒತ್ತಿ ಹಿಡಿದು ತಂತಿಯ ತಳದಿಂದ ಪಿಕಪ್‌ನ ಧ್ರುವದ ತಲೆಯವರೆಗಿನ ಅಂತರವನ್ನು ಅಳೆಯಬೇಕು. ಸ್ಕೇಲು ಅಲ್ಲಿ ನೇರವಾಗಿ ಕೂರುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 2 ಮಿಲಿಮೀಟರ್‌ನ ಡ್ರಿಲ್ ಬಿಟ್ಟನ್ನು ಅಡ್ಡಲಾಗಿ ತೂರಿಸಿ ನೋಡುವುದು ನನಗೆ ಅತ್ಯಂತ ನಂಬಿಕೆಯ ವಿಧಾನವಾಗಿದೆ. ಡ್ರಿಲ್ ಬಿಟ್ ಉಕ್ಕಿನದಾದ್ದರಿಂದ ಕಾಂತ ಎಳೆಯುತ್ತದೆ, ಹಿಡಿತ ಬಿಗಿಯಿರಲಿ. ಎರಡೂ ಪಿಕಪ್‌ಗಳನ್ನು ಮೊದಲು ಈ ಅಂತರದಲ್ಲಿಟ್ಟು ನುಡಿಸಿ. ಆಮೇಲೆ ನಿಜವಾದ ಪ್ರಶ್ನೆ ಏಳುತ್ತದೆ: ಎತ್ತರ ಸಮ ಇರಬೇಕೋ, ಧ್ವನಿಯ ಮಟ್ಟ ಸಮ ಇರಬೇಕೋ? ಧ್ವನಿಯ ಮಟ್ಟ ಎಂಬುದು ನನ್ನ ಉತ್ತರ. ಆಲ್ನಿಕೋ 2 ಕಾಂತ ಆಲ್ನಿಕೋ 5ಕ್ಕಿಂತ ಮೃದು. ಅದನ್ನು ತಂತಿಗೆ ಒಂದಿಷ್ಟು ಹತ್ತಿರ ತಂದೇ ಬಳಸುವುದು ರೂಢಿ. ಪ್ರತಿಯೊಂದನ್ನೂ ಅದು ಚೆನ್ನಾಗಿ ನುಡಿಯುವ ಎತ್ತರದಲ್ಲಿಟ್ಟು, ಉಳಿದ ಮಟ್ಟದ ವ್ಯತ್ಯಾಸವನ್ನು ದಾಖಲೆಯಲ್ಲಿ ಸರಿಪಡಿಸುವುದು ನ್ಯಾಯ. ಸ್ವಲ್ಪವೇ ಜೋರಾಗಿರುವ ನಾದ ನಮ್ಮ ಕಿವಿಗೆ ಜೋರೆಂದು ಕೇಳಿಸದೆ, ಹೆಚ್ಚು ತುಂಬಿದೆ, ಹೆಚ್ಚು ಸ್ಪಷ್ಟವಾಗಿದೆ ಎಂದು ಕೇಳಿಸುತ್ತದೆ. ನಾನು ಕಂಡ ತಪ್ಪು ತೀರ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಇದೇ ಮೂಲ.

ದಾಖಲಿಸಲು ಆಂಪ್ ಮುಂದೆ ಮೈಕ್ ಇಡುವ ಅಗತ್ಯವಿಲ್ಲ. ಮೈಕ್ ಎರಡು ಬೆರಳು ಸರಿದರೂ ನಾದ ಬೇರೆಯಾಗುತ್ತದೆ. ಸಂಜೆ ವೋಲ್ಟೇಜ್ ಇಳಿದಾಗ ಟ್ಯೂಬ್ ಆಂಪ್‌ನ ನುಡಿಯೂ ಮೆತ್ತಗಾಗುತ್ತದೆ. ಗಿಟಾರನ್ನು ನೇರವಾಗಿ ಆಡಿಯೋ ಇಂಟರ್‌ಫೇಸ್‌ನ (ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯ) ಗಿಟಾರ್ ಇನ್‌ಪುಟ್‌ಗೆ ಹಾಕಿ, ಶುದ್ಧ ಸಂಕೇತವನ್ನು ದಾಖಲಿಸಿ, ಆಮೇಲೆ ಎಲ್ಲ ಕಡತಗಳನ್ನೂ ಒಂದೇ ಆಂಪ್ ಸಿಮ್ಯುಲೇಟರ್ (ಆಂಪ್‌ನ ನಾದವನ್ನು ಅನುಕರಿಸುವ ತಂತ್ರಾಂಶ) ಮೂಲಕ ಹಾಯಿಸಿ ಕೇಳಿ. ಇಂಟರ್‌ಫೇಸ್‌ನ ಗೇನ್ ಗುಂಡಿಯನ್ನು ಒಮ್ಮೆ ನಿಲ್ಲಿಸಿದ ಮೇಲೆ ಮುಟ್ಟಬೇಡಿ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇರುವ ಫ್ಯಾನನ್ನು, ಸೆಕೆ ಎಷ್ಟೇ ಇದ್ದರೂ, ಆ ಹೊತ್ತಿಗೆ ನಿಲ್ಲಿಸಿರಿ. ಅದರ ಕರಕರ ಹಂಬಕರ್‌ನಲ್ಲೂ ಪೂರ್ತಿ ಹೋಗುವುದಿಲ್ಲ.

ಈಗ ಈ ಕೆಲಸದ ಹೃದಯಭಾಗಕ್ಕೆ ಬರುತ್ತೇನೆ. ಪಿಕಪ್‌ಗಳನ್ನು 'ಕ' ಮತ್ತು 'ಖ' ಎಂದು ಕರೆಯೋಣ. ಬಹುತೇಕರು 'ಕ'ದಲ್ಲಿ ಒಮ್ಮೆ, 'ಖ'ದಲ್ಲಿ ಒಮ್ಮೆ ನುಡಿಸಿ ಎರಡನ್ನು ಹೋಲಿಸುತ್ತಾರೆ. ಹಾಗೆ ಮಾಡಬಾರದು. 'ಕ'ದಲ್ಲಿಯೇ ಅದೇ ಸಾಲನ್ನು ಐದು ಸಲ ನುಡಿಸಿ, 'ಖ'ದಲ್ಲಿ ಐದು ಸಲ, ಮತ್ತೆ 'ಖ'ದಲ್ಲಿ ಐದು, ಕೊನೆಗೆ ಪುನಃ 'ಕ' ಹಾಕಿ ಐದು ಸಲ ನುಡಿಸಿ. ಕೇಳುವಾಗ ಮೊಟ್ಟಮೊದಲು 'ಕ'ದ ಒಂದು ದಾಖಲೆಯನ್ನು 'ಕ'ದ ಇನ್ನೊಂದು ದಾಖಲೆಯೊಡನೆ ಹೋಲಿಸಿ. ಅಲ್ಲಿಯೇ ನಿಮಗೆ ವ್ಯತ್ಯಾಸ ಕೇಳುತ್ತದೆ! ಪಿಕ್ ಹಿಡಿದ ಕೋನ, ಬ್ರಿಜ್‌ನಿಂದ ಕೈ ಇದ್ದ ದೂರ, ಹೊಡೆತದ ಬಲ, ಇವೆಲ್ಲವೂ ಸಲಸಲಕ್ಕೆ ಬದಲಾಗಿರುತ್ತವೆ. ಆ ವ್ಯತ್ಯಾಸವೇ ನಿಮ್ಮ ಕೈಯ ಅಳತೆ. 'ಕ' ಮತ್ತು 'ಖ' ನಡುವೆ ಕೇಳುವ ವ್ಯತ್ಯಾಸ ಆ ಅಳತೆಗಿಂತ ಸ್ಪಷ್ಟವಾಗಿ ದೊಡ್ಡದಿದ್ದರೆ, ಮತ್ತು ಕೊನೆಯಲ್ಲಿ ಮರಳಿ ಹಾಕಿದ 'ಕ' ಮೊದಲಿನ 'ಕ'ದಂತೆಯೇ ಕೇಳಿದರೆ ಮಾತ್ರ, ಅದನ್ನು ಪಿಕಪ್‌ನ ಲೆಕ್ಕಕ್ಕೆ ಬರೆಯಬಹುದು. ಮರಳಿ ಬಂದ 'ಕ' ಬೇರೆಯಾಗಿ ಕೇಳಿದರೆ ನಡುವೆ ತಂತಿಯೋ ಎತ್ತರವೋ ಬದಲಾಗಿದೆ ಎಂದರ್ಥ. ಆ ದಿನದ ಕೆಲಸವನ್ನು ಕೈಬಿಟ್ಟು ಮತ್ತೊಂದು ದಿನ ಮೊದಲಿನಿಂದ ಮಾಡಬೇಕು. ನನಗೆ ಎರಡು ಸಲ ಹೀಗಾಗಿದೆ, ಎರಡೂ ಸಲ ಪುನಃ ಮಾಡಿದ್ದು ಸಾರ್ಥಕವಾಯಿತು.

ನುಡಿಸುವ ಸಾಲು ಚಿಕ್ಕದಿರಲಿ, ಹತ್ತು ಸೆಕೆಂಡು ಮೀರದಿರಲಿ, ಏಕೆಂದರೆ ನಾದದ ಸೂಕ್ಷ್ಮ ನೆನಪು ಕಿವಿಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಅದರಲ್ಲಿ ಒಂದು ತೆರೆದ ಮಂದ್ರ ತಂತಿಯ ಹೊಡೆತ, ಆರೂ ತಂತಿಗಳ ಒಂದು ತುಂಬು ಕಾರ್ಡ್, ಹನ್ನೆರಡನೆಯ ಫ್ರೆಟ್ಟಿನ ಮೇಲೆ ಒಂದು ದೀರ್ಘ ಸ್ವರ ಇರಲಿ. ಇವನ್ನೇ ವಾಲ್ಯೂಮ್ ಪೂರ್ತಿ ತೆರೆದು ಒಮ್ಮೆ, 6ಕ್ಕೆ ಇಳಿಸಿ ಒಮ್ಮೆ ದಾಖಲಿಸಿ. ಪೂರ್ತಿ ತೆರೆದಾಗ ಒಂದೇ ಎನಿಸುವ ಪಿಕಪ್‌ಗಳು ಇಳಿಸಿದಾಗ ಬೇರೆಯಾಗುವುದುಂಟು.

ಕಡತಗಳ ಮಟ್ಟವನ್ನು ಸಮ ಮಾಡಲು ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಲೌಡ್‌ನೆಸ್ ನಾರ್ಮಲೈಸೇಶನ್ ಎಂಬ ಸೌಲಭ್ಯವಿದೆ. ಶಿಖರವನ್ನಷ್ಟೇ ನೋಡಿ ಸಮ ಮಾಡುವ ವಿಧಾನ ಇಲ್ಲಿ ಸಲ್ಲದು: ಹೊಡೆತ ಚೂಪಾಗಿರುವ ಪಿಕಪ್‌ನ ಶಿಖರ ಎತ್ತರವಿದ್ದು, ಅದರ ಒಟ್ಟು ನಾದ ತಗ್ಗಿ ಕೇಳುತ್ತದೆ. ಡಿಸ್ಟಾರ್ಷನ್‌ನಲ್ಲಿ, ಎಂದರೆ ಆಂಪ್ ನಾದವನ್ನು ಒಡೆದು ಒರಟಾಗಿಸುವಾಗ, ಯಾವುದು ಹೆಚ್ಚು ನೂಕುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಮೂಲ ಕಡತಗಳನ್ನು ಸಮ ಮಾಡದೆ ಸಿಮ್ಯುಲೇಟರ್‌ಗೆ ಕೊಟ್ಟು, ಹೊರಬಂದ ನಾದವನ್ನು ಸಮ ಮಾಡಿ ಕೇಳಬೇಕು.

ಕೊನೆಯ ಪರೀಕ್ಷೆ ಹೆಸರು ತಿಳಿಯದೆ ಕೇಳುವುದು. ನನ್ನ ಮಗಳು ಗಿಟಾರ್ ನುಡಿಸುವುದಿಲ್ಲ. ಅವಳು ಹತ್ತು ಸಲ ನಾಣ್ಯ ಚಿಮ್ಮಿ, ಪ್ರತಿ ಸಲ ಬಿದ್ದ ಬದಿಯಂತೆ 'ಕ' ಅಥವಾ 'ಖ' ಕಡತವನ್ನು ಹಾಕಿ, ನಾನು ಹೇಳಿದ್ದನ್ನು ಕಾಗದದಲ್ಲಿ ಗುರುತು ಮಾಡುತ್ತಾಳೆ. ಸರಿ ತಪ್ಪನ್ನು ಹತ್ತೂ ಮುಗಿಯುವವರೆಗೆ ಹೇಳುವುದಿಲ್ಲ. ಬರೀ ಊಹೆಯಿಂದ ಹತ್ತರಲ್ಲಿ ಒಂಬತ್ತೋ ಹತ್ತೋ ಸರಿಯಾಗುವ ಸಂಭವ ನೂರಕ್ಕೆ ಒಂದರಷ್ಟು ಮಾತ್ರ. ಆದರೆ ಆರೋ ಏಳೋ ಸರಿಯಾಗುವುದು ಊಹೆಯಿಂದಲೂ ಸಾಮಾನ್ಯವಾಗಿ ಆಗುವಂಥದು. ಅಷ್ಟಕ್ಕೆ ವ್ಯತ್ಯಾಸ ಕೇಳಿಸಿತು ಎನ್ನಬಾರದು.

ಕೇಳಿದ್ದನ್ನು ಬರೆದುಕೊಳ್ಳುವಾಗ 'ಬೆಚ್ಚಗಿದೆ', 'ಜೀವಂತವಾಗಿದೆ' ಎಂಬ ಮಾತುಗಳು ಒಂದು ವಾರದ ನಂತರ ನಿಮಗೇ ಅರ್ಥವಾಗುವುದಿಲ್ಲ. ಮಂದ್ರ ತಂತಿ ಬಿಗಿಯಾಗಿ ನಿಂತಿತೋ ಸಡಿಲವಾಗಿ ಹರಡಿತೋ, ಕಾರ್ಡಿನ ಆರು ಸ್ವರಗಳನ್ನು ಬಿಡಿಬಿಡಿಯಾಗಿ ಎಣಿಸಬಹುದೋ ಅವು ಕಲೆತುಹೋದವೋ, ಪಿಕ್ ತಾಗಿದ ಸದ್ದು ಸ್ವರಕ್ಕಿಂತ ಮುಂದೆ ನಿಂತಿತೋ, ಇಂಥವನ್ನು ಬರೆಯಿರಿ. ನಾನು ಮೇಲೆ ಹೇಳಿದ ಜೋಡಿಯಲ್ಲಿ ಆಲ್ನಿಕೋ 5 ಇರುವುದು ಮಂದ್ರದಲ್ಲಿ ಬಿಗಿಯಾಗಿಯೂ ತಾರದಲ್ಲಿ ಚುರುಕಾಗಿಯೂ, ಆಲ್ನಿಕೋ 2 ಇರುವುದು ಹೊಡೆತದಲ್ಲಿ ಮೆತ್ತಗೆಯೂ ನನಗೆ ಕೇಳುತ್ತದೆ. ಹೊಸ ಪಿಕಪ್ ಹಾಕಿದ ಮೇಲೆ ಎರಡೂ ಪಿಕಪ್‌ಗಳು ಕೂಡಿ ನುಡಿಯುವ ನಡು ಸ್ಥಾನದಲ್ಲಿ ನಾದ ತೀರ ತೆಳುವಾಗಿ, ಮೂಗಿನಿಂದ ಬಂದಂತೆ ಕೇಳಿದರೆ ಅದನ್ನು ಟೋನ್ ಎಂದು ಬರೆಯಬೇಡಿ. ಎರಡರ ಫೇಸ್, ಎಂದರೆ ಸಂಕೇತದ ಏರಿಳಿತದ ದಿಕ್ಕು, ವಿರುದ್ಧವಾಗಿದೆ, ಹೊಸದು ನಾಲ್ಕು ವೈರಿನದಾಗಿದ್ದರೆ ಅದರ ಎರಡು ತುದಿಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ.

ಮುಗಿದ ಮೇಲೆ ಪ್ರತಿ ಪಿಕಪ್‌ನ ತಳದ ಲೋಹದ ಮೇಲೆ ಕಾಗದದ ಟೇಪ್ ಅಂಟಿಸಿ ದಿನಾಂಕ, ರೋಧ, ಅಂದಿನ ಉಷ್ಣತೆ, ಇಟ್ಟಿದ್ದ ಎತ್ತರ, ಇಷ್ಟನ್ನು ಬರೆದಿಡಿ. ಆರು ತಿಂಗಳ ನಂತರ ಮೂರನೆಯ ಪಿಕಪ್ ಕೈಗೆ ಬಂದರೆ ಹಳೆಯ ಕಡತಗಳೊಡನೆ ಅದನ್ನು ಹೋಲಿಸಲು ಹೋಗಬೇಡಿ. ಅಷ್ಟರಲ್ಲಿ ತಂತಿ ಬೇರೆ, ಋತು ಬೇರೆ, ಕೈಯೂ ಬೇರೆ. 'ಕ'ವನ್ನು ಮತ್ತೆ ಕೂರಿಸಿ, ಅಂದೇ ಹೊಸದಾಗಿ ಐದು ಸಲ ನುಡಿಸಿಕೊಂಡು ಅಲ್ಲಿಂದ ಆರಂಭಿಸಿ.