ಬಿಸಿಲು ಏರೋದ್ರೊಳಗ ಮುಗಿಸ್ರಿ: ಹಿತ್ತಲದ್ದು, ಹಿನ್ನೀರಿಂದು ಹಕ್ಕಿ-ಹುಳದ ವಿಡಿಯೋ ಮಾಡೋದು ಹೆಂಗ?

ಹೋದ ವರ್ಷ ಫೆಬ್ರವರಿ ಕಡೀಕ ಆಲಮಟ್ಟಿ ಹಿನ್ನೀರಿಗೆ ಫ್ಲೆಮಿಂಗೋ ಬಂದಾವ ಅಂತ ಯಾರೋ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದ್ರು. ನಾನು ಆರಾಮ ಎದ್ದು, ಸುಸಲಾ ತಿಂದು, ಚಾ ಕುಡದು, ಹನ್ನೊಂದಕ್ಕ ಬೈಕ್ ಹತ್ತಿ ಹೆರಕಲ್ ಕಡೆ ಹೋದೆ. ಹಕ್ಕಿ ಇದ್ವು, ದೊಡ್ಡ ಹಿಂಡೇ ಇತ್ತು. ಒಂದ್ ತಾಸು ವಿಡಿಯೋ ಮಾಡಿ ಮನಿಗೆ ಬಂದು ಟಿವಿಗೆ ಹಾಕಿದ್ರ ಎಲ್ಲಾ ಹಕ್ಕಿ ಗೌರಿ ಹುಣ್ಣಿಮಿ ಸಕ್ರಿ ಗೊಂಬಿ ನೀರಾಗ ಬಿದ್ದು ಕರಗಾಕತ್ತಿದಂಗ ಅಳ್ಳಾಡಾಕತ್ತಿದ್ವು. ನಮ್ಮವ್ವ ನೋಡಿ, "ಇದೇನೋ ಯಪ್ಪಾ, ಗುಲಾಬಿ ಸೀರಿ ಒಣಹಾಕಿದಂಗ ಕಾಣ್ತೈತಲ್ಲ" ಅಂದ್ಳು.

ಫೋಕಸ್ ತಪ್ಪಿದ್ದಿಲ್ಲ, ಲೆನ್ಸೂ ಹೊಲಸಾಗಿದ್ದಿಲ್ಲ. ಅದು ಬಿಸಿಲ್ಗುದುರಿ ಕಾಟ. ಕಾದ ನೆಲದಿಂದ ಮ್ಯಾಲ ಏಳೋ ಬಿಸಿ ಗಾಳಿ ತಂಪ ಗಾಳಿ ಜೋಡಿ ಕಲಸಿದಾಗ, ಹಕ್ಕಿಯಿಂದ ನಮ್ಮ ಕಡೆ ಬರೋ ಬೆಳಕು ನೆಟ್ಟಗ ಬರೂದಿಲ್ಲ, ಅತ್ತಿತ್ತ ಬಾಗಿ ಬಾಗಿ ಬರ್ತೈತಿ. ಹಕ್ಕಿ ದೂರ ಇದ್ದಷ್ಟೂ, ನೀವು ಜೂಮ್ ಎಳದಷ್ಟೂ ಜಾಸ್ತಿ ಆಕ್ಕೈತಿ, ಲಕ್ಷ ರೂಪಾಯಿ ಲೆನ್ಸ್ ಇದ್ರೂ ಅಷ್ಟ. ಹಂಗಾಗಿ ನಮ್ಮ ಬಾಗಲಕೋಟಿ, ವಿಜಾಪುರ ಕಡೆ ಈ ಕೆಲಸಕ್ಕ ಕೈಗಡಿಯಾರ ಮೊದಲು, ಕ್ಯಾಮೆರಾ ಆಮ್ಯಾಲ. ಬ್ಯಾಸಗ್ಯಾಗ ಮುಂಜಾನಿ ಆರರಿಂದ ಎಂಟೂವರಿ, ಸಂಜಿ ಐದರ ಮ್ಯಾಲ. ನಡುವ ನೀವೂ ಮಲಗ್ರಿ, ಹಕ್ಕೀನೂ ನೆಳ್ಳಾಗ ಬಾಯಿ ತಕ್ಕೊಂಡು ಕುಂತಿರ್ತಾವ.

ಮೊದಲು ಹಿತ್ತಲ

ಹಿನ್ನೀರಿಗೆ ಹೋಗೂದಕ್ಕಿಂತ ಮೊದಲು ಒಂದ್ ತಿಂಗಳು ಮನಿ ಹಿಂದನ ಕೈ ಪಳಗಿಸ್ರಿ. ಹಿತ್ತಲ ಇಲ್ಲಾಂದ್ರ ಮಾಳಿಗಿ ಸಾಕು, ಬಾಜೂಕ ಖಾಲಿ ಸೈಟ್ ಇದ್ರಂತೂ ನಿಮ್ಮ ಪುಣ್ಯ.

ಮಣ್ಣಿನ ಅಗಲ ಬೋಗುಣಿ ಒಂದ್ ತರ್ರಿ, ಎರಡ ಬೆರಳು ಆಳ ನೀರು ಹಾಕ್ರಿ, ನಡುವ ಒಂದ್ ಒರಟ ಕಲ್ಲ ಇಡ್ರಿ. ಆಳ ಜಾಸ್ತಿ ಆದ್ರ ಗುಬ್ಬಿ ಇಳಿಯೂದಿಲ್ಲ. ನೀರು ದಿನಾ ಚೆಲ್ಲಿ ಹೊಸಾದು ಹಾಕ್ರಿ, ಇಲ್ಲಾಂದ್ರ ಹಕ್ಕಿ ಬದಲಿ ಸೊಳ್ಳಿ ಸಾಕಿದಂಗ ಆಕ್ಕೈತಿ. ಹಳೇ ನೀರಿನ ಬಾಟ್ಲಿಗೆ ಸೂಜೀಲೆ ತೂತ ಮಾಡಿ ಮ್ಯಾಲಿಂದ ಹನಿ ಹನಿ ಬೀಳೂ ಹಂಗ ಕಟ್ಟಿದ್ರ ಇನ್ನೂ ಛಲೋ, ಆ ಟಪ್ ಟಪ್ ಸಪ್ಪಳಕ್ಕ ಪಿಕಳಾರ, ಹರಟೆಮಲ್ಲ ಎಲ್ಲಾ ಬರ್ತಾವ. ಬೋಗುಣಿ ಇಡೂ ಜಾಗ ಮಾತ್ರ ನೋಡ್ಕೊಂಡ್ ಇಡ್ರಿ. ಬೆಕ್ಕು ಅಡಗಿ ಕೂಡೂವಂಥ ಪೊದಿ ಹತ್ತಿರ ಇರಬಾರ್ದು, ಆದ್ರ ಹಕ್ಕಿ ಬಂದು ಮೊದಲು ಕೂಡಾಕ ಒಂದ್ ಟೊಂಗಿ ಬೇಕು. ಮತ್ತ ಮುಂಜಾನಿ ಬಿಸಿಲು ನಿಮ್ಮ ಬೆನ್ನ ಕಡಿಂದ ಬಂದು ಬೋಗುಣಿ ಮ್ಯಾಲ ಬೀಳಬೇಕು.

ಆಮ್ಯಾಲ ನೀವು ಅಡಗೂದು. ಕಿಡಕಿ ಇದ್ರ ಕಿಡಕಿನ ಸಾಕು, ಪರದೆದಾಗ ಲೆನ್ಸ್ ಹೊರಗ ಬರೂವಷ್ಟು ಸಂದಿ ಬಿಡ್ರಿ. ಅಂಗಳದಾಗ ಆದ್ರ ಆನ್‌ಲೈನ್‌ನ್ಯಾಗ ಸಾವಿರಾರು ರೂಪಾಯಿ ಕೊಟ್ಟು ಟೆಂಟ್ ತರಸಬ್ಯಾಡ್ರಿ, ಹೊರಸು ಅಡ್ಡ ನಿಲ್ಲಿಸಿ ಮ್ಯಾಲ ಹಳೇ ಕೌದಿ ಹಾಕ್ರಿ, ಎರಡ ದಿನ ಹಂಗ ಬಿಡ್ರಿ, ಮೂರನೇ ದಿನಕ್ಕ ಹಕ್ಕಿ ಅದನ್ನ ಗ್ವಾಡಿ ಅಂತ ತಿಳ್ಕೊಂಡಿರ್ತಾವ. ನಾನು ಇದೇ ಕೌದಿ ಹಿಂದ ಕುಂತು ಮುಂಗಲಿ ನೀರು ಕುಡಿಯೂದು ಆರ್ ಫೂಟಿನಿಂದ ಹಿಡದೀನಿ.

ಕೈ ನಡುಗಬಾರ್ದು ಅಂದ್ರ ಟ್ರೈಪಾಡ್‌ಗಿಂತ ಜ್ವಾಳದ ಚೀಲ ಉತ್ತಮ ಅಂತ ನನ್ನ ಅನುಭವ. ಒಂದೆರಡು ಸೇರು ಜ್ವಾಳ ಒಂದ್ ಬಟ್ಟಿ ಚೀಲಕ್ಕ ಹಾಕಿ ಬಾಯಿ ಹೊಲೀರಿ, ಪೂರ್ತಿ ತುಂಬಬ್ಯಾಡ್ರಿ. ಕಿಡಕಿ ಕಟ್ಟಿ ಮ್ಯಾಲ ಇಟ್ಟು ಫೋನ್ ಒತ್ತಿದ್ರ ಗಟ್ಟಿ ಕುಂದರತೈತಿ. ಮನ್ಯಾಗ ಬೈಸ್ಕೊಂಡ್ರ ನಾನು ಜವಾಬ್ದಾರ ಅಲ್ಲ.

ಫೋನ್ ಸೆಟ್ಟಿಂಗ್

ಏರೋಪ್ಲೇನ್ ಮೋಡ್ ಹಾಕ್ರಿ, ಇದು ಎಲ್ಲಾಕ್ಕಿಂತ ಮೊದಲು. ರೆಸಲ್ಯೂಶನ್ 4ಕೆ, ಸೆಕೆಂಡಿಗೆ 30 ಫ್ರೇಮ್ ಸಾಕು, ಆದ್ರ ಹಳೇ ಕೋಡೆಕ್‌ನ್ಯಾಗ (ವಿಡಿಯೋ ಫೈಲ್ ಒತ್ತಿ ಸಣ್ಣದು ಮಾಡೂ ಪದ್ಧತಿ) ಅದು ನಿಮಿಷಕ್ಕ ಹೆಚ್ಚೂ ಕಡಿಮಿ 350 ಎಂಬಿ ನುಂಗ್ತೈತಿ, ಎಚ್‌ಇವಿಸಿ ಅಂತ ಆಪ್ಶನ್ ಇದ್ರ ಅದನ್ನ ಆರಿಸ್ರಿ, ಅರ್ಧ ಉಳಿತೈತಿ. ಹಕ್ಕಿ ಜಳಕ ಮಾಡೂದು, ಹಾರೂದು ಇದ್ರ 1080ಪಿಗೆ ಇಳಿಸಿ 120 ಫ್ರೇಮ್ ಸ್ಲೋ ಮೋಶನ್. ಪರದೆ ಮ್ಯಾಲ ಹಕ್ಕಿ ಇರೂ ಜಾಗ ಒತ್ತಿ ಹಿಡದ್ರ ಫೋಕಸ್ಸು ಬೆಳಕು ಎರಡೂ ಲಾಕ್ ಆಕ್ಕಾವ, ಆಮ್ಯಾಲ ಬೆಳಕು ಒಂದ್ ಚೂರ ಕೆಳಗ ಇಳಿಸ್ರಿ. ಬೆಳ್ಳಕ್ಕಿ ತಗೀವಾಗಂತೂ ಇದು ಬೇಕೇ ಬೇಕು, ಇಲ್ಲಾಂದ್ರ ಅದು ಸುಣ್ಣ ಹಚ್ಚಿದ ಗ್ವಾಡಿ ಹಂಗ ಬೆಳ್ಳಗ ಕಾಣ್ತೈತಿ, ಒಂದ್ ಪುಕ್ಕಾನೂ ಕಾಣೂದಿಲ್ಲ.

ಎರಡ ಬೆರಳು ಅಗಲಿಸಿ ಜೂಮ್ ಮಾಡೂ ಚಟ ಬಿಡ್ರಿ. ಅದು ಬರೇ ಚಿತ್ರ ಹಿಗ್ಗಸೂದು. ಬೈನಾಕ್ಯುಲರ್ ಇದ್ರ, 8 ಗುಣಿಲೆ 42 ಸೈಜಿಂದು ಛಲೋ, ಅದರ ಕಣ್ಣಿನ ಗಾಜಿಗೆ ಫೋನ್ ಲೆನ್ಸ್ ಹಚ್ಚಿ ಹಿಡೀರಿ. ಮೊದ್ಲು ಬರೇ ಕರೀ ದುಂಡ ಕಾಣ್ತೈತಿ, ಒಂದ್ ವಾರ ರೂಢಿ ಮಾಡ್ರಿ.

ಇನ್ನೊಂದು, ರೆಕಾರ್ಡ್ ಒತ್ತಿದ ಮ್ಯಾಲ ಮನಸ್ಸಿನ್ಯಾಗ ಹತ್ತರ ತನಕ ಎಣಿಸ್ರಿ. ಅಲ್ಲೀ ತನಕ ಫೋನ್ ಅಳ್ಳಾಡಿಸಬ್ಯಾಡ್ರಿ. ಹಕ್ಕಿ ಫ್ರೇಮಿನಿಂದ ಹೊರಗ ಹೋದ್ರ ಹೋಗ್ಲಿ, ಅದರ ಹಿಂದ ಫೋನ್ ತಿರುಗಿಸಿಕೋತ ಓಡಬ್ಯಾಡ್ರಿ, ಆ ವಿಡಿಯೋ ನೋಡಿದವರಿಗೆ ತಲಿ ತಿರುಗತೈತಿ ಅಷ್ಟ.

ಟಿಟ್ಟಿಭದ ಒದ್ದಿ ಹೊಟ್ಟಿ

ಬಾಗಲಕೋಟಿ ನವನಗರದಾಗ ನಮ್ಮ ಮನಿ ಹಿಂದಿನ ಖಾಲಿ ಸೈಟಿನ್ಯಾಗ ಏಪ್ರಿಲ್‌ದಾಗ ಟಿಟ್ಟಿಭ ಜೋಡಿ ತತ್ತಿ ಇಟ್ಟಿತ್ತು. ಗೂಡ ಅಂದ್ರ ಗೂಡಲ್ಲ, ಗರಸಿನ್ಯಾಗ ಒಂದ್ ಸಣ್ಣ ಕುಣಿ, ನಾಕು ತತ್ತಿ, ಕಲ್ಲಿನ ಬಣ್ಣದ್ವು, ಕರೀ ಚುಕ್ಕಿ. ನಾನು ಮೊದಲ್ನೇ ದಿನ ಹತ್ತಿರ ಹೋಗಿದ್ದಕ್ಕ ಎರಡೂ ಸೇರಿ ತಲಿ ಮ್ಯಾಲಿಂದ ಹಾರಿ ಹಾರಿ ಬೈದ್ವು. ಆಮ್ಯಾಲ ಕಿಡಕಿಂದ ನೋಡಿದೆ. ಮಧ್ಯಾನ ನಲವತ್ತು ಡಿಗ್ರಿ ಬಿಸಿಲಾಗ ಒಂದು ಎದ್ದು ನಮ್ಮ ಬೋಗುಣಿಗೆ ಬಂತು, ನೀರು ಕುಡೀತು, ಆಮ್ಯಾಲ ನೀರಾಗ ಕುಂತು ಹೊಟ್ಟಿ ಅದ್ದಿತು, ಎರಡ ಮೂರ ಸಲ. ಹೊಟ್ಟಿ ಕೆಳಗಿನ ಬಿಳೀ ಪುಕ್ಕ ಒದ್ದಿಯಾಗಿ ಜೋತು ಬಿದ್ದಿದ್ವು, ಹಂಗ ಓಡಿಕೋತ ಹೋಗಿ ತತ್ತಿ ಮ್ಯಾಲ ಕುಂತು ಒಂದ್ ಸಲ ಮೈ ಅಲುಗಿಸ್ತು. ಕಾವು ಕೊಡಾಕ ಅಲ್ಲ, ತಂಪ ಮಾಡಾಕ.

ಇದನ್ನ ಯಾಕ ಹೇಳಿದೆ ಅಂದ್ರ, ಬ್ಯಾಸಗ್ಯಾಗ ನಾವು ಗೂಡಿನ ಹತ್ತಿರ ನಿಂತು ಹತ್ತ ನಿಮಿಷ ವಿಡಿಯೋ ಮಾಡಿದ್ರ ಆ ಹತ್ತ ನಿಮಿಷ ತತ್ತಿಗೆ ನೆಳ್ಳ ಇರೂದಿಲ್ಲ, ಬೆಂದ ಹೋಗಬಹುದು. ಸೂರಕ್ಕಿ ಗೂಡಿಗೆ ಅಡ್ಡ ಬಂದ ಎಲಿ ಕೀಳೂದು ಇನ್ನೂ ಕೆಟ್ಟ, ಆ ಎಲಿನ ಅದಕ್ಕ ಛತ್ರಿ, ಅದನ್ನ ಕಿತ್ತ್ರ ಬಿಸಿಲೂ ಬರ್ತೈತಿ ಕಾಗೀನೂ ಬರ್ತೈತಿ. ಮೊಬೈಲ್‌ದಾಗ ಹಕ್ಕಿ ಕೂಗು ಹಚ್ಚಿ ಕರಿಯೂದು ಸೈತ ಬ್ಯಾಡ. ಗೂಡಿನ ಲೊಕೇಶನ್ ಗ್ರೂಪಿಗೆ ಹಾಕಬ್ಯಾಡ್ರಿ.

ಲಿಂಬಿ ಗಿಡ ಇದ್ದವರಿಗೆ

ಇಂಡಿ ಕಡೆ ರೈತರಿಗೆ ಲಿಂಬಿ ಪಾತರಗಿತ್ತಿ ಹುಳದ ಹೆಸರು ಹೇಳಿದ್ರ ಸಿಟ್ಟ ಬರ್ತೈತಿ, ಲಿಂಬಿ ಚಿಗುರು ಬೋಳಿಸ್ತೈತಿ ಅದು. ಆದ್ರ ವಿಡಿಯೋ ಕಲಿಯಾಕ ಇದರಂಥ ಮೇಷ್ಟ್ರು ಇಲ್ಲ, ಯಾಕಂದ್ರ ಓಡಿ ಹೋಗೂದಿಲ್ಲ. ಲಿಂಬಿ ಅಥವಾ ಕರಿಬೇವಿನ ಎಲಿ ಮ್ಯಾಲ ಹಕ್ಕಿ ಹಿಕ್ಕಿ ಬಿದ್ದಂಗ ಕಾಣೂದು ಇದ್ರ ಹತ್ತಿರ ನೋಡ್ರಿ, ಅದು ಲಿಂಬಿ ಪಾತರಗಿತ್ತಿಯ ಸಣ್ಣ ಹುಳ. ದೊಡ್ಡದಾದಂಗ ಪೂರ್ತಿ ಹಸರ ಆಕ್ಕೈತಿ. ಕಡ್ಡೀಲೆ ಹಗೂರಕ ಮುಟ್ಟಿದ್ರ ತಲಿ ಹಿಂದಿಂದ ಕೆಂಪಗಿನ ಎರಡ ಕೋಡು ಹೊರಗ ಹಾಕಿ ಘಾಟು ವಾಸನಿ ಬಿಡ್ತೈತಿ. ಒಂದ್ ಸಲ ಸಾಕು, ಪದೇ ಪದೇ ಕಾಡಬ್ಯಾಡ್ರಿ. ಕೋಶ ಕಟ್ಟಿದ ಮ್ಯಾಲ ನಮ್ಮ ಸೆಕಿಗೆ ಒಂದ್ ವಾರ ಹತ್ತ ದಿನದಾಗ ಹೊರಗ ಬರ್ತೈತಿ. ಕೋಶದ ಬಣ್ಣ ಕಪ್ಪಾಗಿ ಒಳಗಿನ ರೆಕ್ಕಿ ಚುಕ್ಕಿ ಕಂಡ್ರ ಮರುದಿನ ಮುಂಜಾನಿ ಅಂತ ತಿಳ್ಕೋರಿ. ರಾತ್ರಿನ ಜ್ವಾಳದ ಚೀಲ, ಪವರ್ ಬ್ಯಾಂಕ್ ರೆಡಿ ಇಟ್ಟು ಬೆಳಕಾಗೂದ್ರೊಳಗ ಟೈಮ್‌ಲ್ಯಾಪ್ಸ್ ಚಾಲೂ ಮಾಡ್ರಿ.

ಓತಿಕ್ಯಾತದ ಬಗ್ಗೇನೂ ಒಂದ್ ಮಾತು. ಮಳಿ ಶುರು ಆಗೂ ಮುಂದ ಗಂಡಿನ ಕುತ್ತಿಗಿ ಕೆಂಪಾಗಿ, ಬೇಲಿ ಮ್ಯಾಲ ದಂಡ ಹೊಡಿಯೂ ಪೈಲ್ವಾನನ ಹಂಗ ಮ್ಯಾಲ ಕೆಳಗ ಆಕ್ಕೈತಿ. ರಕ್ತ ಹೀರತೈತಿ ಅಂತ ನಮಗ ಸಣ್ಣವರಿದ್ದಾಗ ಹೆದರಸ್ತಿದ್ರು, ಹೀರೂದಿಲ್ಲ, ಅದು ಹೆಣ್ಣ ಕರಿಯೂ ಬಣ್ಣ. ಅದರ ಕಣ್ಣಿನ ಎತ್ತರಕ್ಕ ಫೋನ್ ಇಳಿಸಿ ತಗೀರಿ, ನಿಂತು ಮ್ಯಾಲಿಂದ ತಗದ್ರ ಏನೂ ಮಜಾ ಇಲ್ಲ.

ಫೋನ್ ಕಾದ್ರ

ಬಹಳಷ್ಟು ಫೋನ್ ಕಂಪನಿಯವರ ಲೆಕ್ಕದಾಗ ಹೊರಗಿನ ಸೆಕಿ 35 ಡಿಗ್ರಿ ಅಂದ್ರನ ಗಡಿ, ನಮ್ಮಲ್ಲಿ ಅದು ಮಾರ್ಚ್ ಮಧ್ಯಾನಕ್ಕನ ದಾಟಿರ್ತೈತಿ. ಕವರ್ ತಗದ ಇಡ್ರಿ, ಫೋನಿಗೆ ಟವಲ್ ನೆಳ್ಳ ಮಾಡ್ರಿ, ಚಾರ್ಜಿಗೆ ಹಾಕಿ ಬಿಸಿಲಾಗ ಶೂಟ್ ಮಾಡಬ್ಯಾಡ್ರಿ. ಬಂದ್ ಬಿದ್ರ ಫ್ರಿಜ್ಜಿಗೆ ಇಡೂ ಶಾಣ್ಯಾತನ ಮಾತ್ರ ಬ್ಯಾಡ, ಒಳಗ ತೇವ ಹಿಡೀತೈತಿ, ನೆಳ್ಳಾಗ ಫ್ಯಾನ್ ಕೆಳಗ ಇಟ್ರ ಸಾಕು.

ಟ್ರೇಲ್ ಕ್ಯಾಮೆರಾ (ಕಟ್ಟಿಟ್ರ ಪ್ರಾಣಿ ಹಾದಾಗ ತಾನ ವಿಡಿಯೋ ಹಿಡಿಯೂದು) ಕೊಳ್ಳೂ ಆಸೆ ಇದ್ದವರು ಇದನ್ನ ಕೇಳ್ರಿ. ಅದು ಪ್ರಾಣಿ ಮೈ ಬಿಸಿಗೂ ಹಿಂದಿನ ನೆಲದ ಬಿಸಿಗೂ ಇರೂ ವ್ಯತ್ಯಾಸ ನೋಡಿ ಚಾಲೂ ಆಕ್ಕೈತಿ. ಮೇ ತಿಂಗಳದಾಗ ಎರಡೂ ಸಮಾ ಆದಾಗ ಮುಂಗಲಿ ಮುಂದ ಹಾದು ಹೋದ್ರೂ ಅದು ಸುಮ್ಮನ ಇರ್ತೈತಿ, ಬಿಸಿಲಿಗೆ ಕಾದ ಎಲಿ ಅಲುಗಿದ್ರ ಮಾತ್ರ ನೂರ್ ವಿಡಿಯೋ ಹಿಡೀತೈತಿ. ಹಂಗಾಗಿ ಉತ್ತರಕ್ಕ ಮುಖ ಮಾಡಿ, ಮೊಣಕಾಲ ಎತ್ತರಕ್ಕ ಕಟ್ಟಿ, ಬ್ಯಾಸಗ್ಯಾಗ ರಾತ್ರಿ ಅಷ್ಟ ಹಚ್ಚಿಡ್ರಿ.

ಹಿನ್ನೀರಿಗೆ ಹೋಗೂದು

ಆಲಮಟ್ಟಿ ತುಂಬಿದಾಗ ನೀರಿನ ಮಟ್ಟ 519.60 ಮೀಟರ್. ಹಳೇ ಬಾಗಲಕೋಟಿಯ ಎಷ್ಟೋ ಓಣಿ ಮುಳುಗಿದ್ದು ಇದೇ ನೀರಿಗೆ. ಮಳಿಗಾಲ ಮುಗಿದ ಮ್ಯಾಲ ನೀರು ಇಳಿದಂಗ ಇಳಿದಂಗ ಅಂಚಿಗೆ ಕೆಸರ ಬಯಲು ಏಳ್ತೈತಿ, ಹಕ್ಕಿಗೆ ಊಟ ಇರೂದು ಅಲ್ಲೇ. ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಚಳಿಗಾಲಕ್ಕ ಬರ್ತಾವ, ಫ್ಲೆಮಿಂಗೋ ನೋಡಾಕ ಜನವರಿ ದಾಟಿದ ಮ್ಯಾಲ ಹೋಗ್ರಿ. ಅದು ತಲಿ ಕೆಳಗ ಮಾಡಿ, ಕೊಕ್ಕು ಉಲ್ಟಾ ಹಿಡದು ನೀರು ಸೋಸಿ ತಿಂತೈತಿ, ನಮ್ಮವ್ವ ಚಾ ಸೋಸಿದಂಗ. ಗುಲಾಬಿ ಬಣ್ಣ ಬರೂದೂ ಆ ಊಟದಾಗಿನ ಪಾಚಿ, ಸಣ್ಣ ಸಿಗಡಿಯಿಂದನ.

ಬೆಳಕು ಹರಿಯೂ ಮೊದಲ ದಂಡಿಗೆ ಮುಟ್ಟಿರಬೇಕು. ಪೂರ್ವ ನಿಮ್ಮ ಬೆನ್ನಿಗೆ ಬರೂ ದಂಡಿ ಆರಿಸ್ರಿ. ಎರಿ ಮಣ್ಣಾಗ ಮ್ಯಾಲ ಒಣಗಿದಂಗ ಕಂಡ್ರೂ ಒಳಗ ಮೊಣಕಾಲ ತನಕ ಹೋಗ್ತೈತಿ, ನಾನು ಒಂದ್ ಚಪ್ಪಲ್ ಕಳಕೊಂಡೀನಿ, ಅದು ಈಗೂ ಅಲ್ಲೇ ಐತಿ. ಮೀನ ಹಿಡಿಯೂ ಕಾಕಾಗಳನ್ನ ಕೇಳ್ರಿ, ಎಲ್ಲಿ ಗಟ್ಟಿ ನೆಲ, ಹಿಂಡು ನಿನ್ನೆ ಎಲ್ಲಿತ್ತು ಅಂತ ಅವರಿಗೆ ಗೊತ್ತಿರ್ತೈತಿ. ನಾನು ಕೇಳಿದ್ದಕ್ಕ ಒಬ್ರು ಹರಗೋಲದಾಗಿಂದನ, "ಅವು ನಿಮ್ಮನ್ನ ಹೆದರೂದಿಲ್ಲ ತಮ್ಮಾ, ನಿಮ್ಮ ನಡಿಗಿಗೆ ಹೆದರ್ತಾವ, ಕುಂದರು" ಅಂದ್ರು. ಕುಂತೆ. ಅರ್ಧ ತಾಸಿಗೆ ಹಿಂಡು ತಾನ ತಿಂದಕೋತ ನನ್ನ ಕಡೆ ಬಂತು.

ತಿನ್ನೂದು ಬಿಟ್ಟು ಎಲ್ಲಾ ತಲಿ ಎತ್ತಿದ್ರ, ಒಂದೇ ದಿಕ್ಕಿಗೆ ನಡಿಯಾಕ ಹತ್ತಿದ್ರ, ನೀವು ಜಾಸ್ತಿ ಹತ್ತಿರ ಬಂದೀರಿ ಅಂತ ಅರ್ಥ, ಅಲ್ಲೇ ನಿಂದರ್ರಿ. ಡ್ರೋನ್ ಹಾರಿಸಿ ಹಿಂಡು ಎಬ್ಬಿಸಿ "ಸಿನಿಮ್ಯಾಟಿಕ್ ಶಾಟ್" ಅಂತ ಹಾಕೂವರನ್ನ ಕಂಡ್ರ ನನಗಂತೂ ಮೈ ಉರಿತೈತಿ, ಅದೂ ಡ್ಯಾಮ್ ಹತ್ತಿರ ಡ್ರೋನ್ ಅಂದ್ರ ಪೊಲೀಸ್ ಕೇಸೂ ಆಗಬಹುದು. ಮಾರ್ಚ್-ಏಪ್ರಿಲ್‌ದಾಗ ನಡುಗಡ್ಡಿ, ಒಣ ಕೆಸರಿನ ಮ್ಯಾಲ ರೀವ ಹಕ್ಕಿ (ಟರ್ನ್) ತತ್ತಿ ಇಡ್ತಾವ, ಕಾಲಿಡಬ್ಯಾಡ್ರಿ.

ಬೆಳಗಾವಿ ಕಡೆಯವರಿಗೆ ಗೋಕಾಕ ತಾಲ್ಲೂಕಿನ ಧೂಪದಾಳ ಐತಿ, 1974ರಿಂದ ಘಟಪ್ರಭಾ ಪಕ್ಷಿಧಾಮ, ಚಳಿಗಾಲಕ್ಕ ಕ್ರೌಂಚ ಬರ್ತಾವ. ಧಾಮದ ಒಳಗ ಶೂಟಿಂಗ್ ಅಂದ್ರ ಅರಣ್ಯ ಇಲಾಖೆ ಪರವಾನಿಗಿ ಮೊದಲ ಕೇಳ್ರಿ.

ಗೋವಾ, ಕಾರವಾರಕ್ಕ ಹೋದಾಗ

ಬೆಳಗಾವಿಯವರು ಹೆಂಗೂ ವೀಕೆಂಡ್ ಬಂದ್ರ ಸಮುದ್ರಕ್ಕ ಓಡ್ತೀರಿ. ಅಲ್ಲಿ ಬಿಸಿಲಿನ ಜೋಡಿ ಭರತ-ಇಳಿತದ ಟೈಮೂ ನೋಡಬೇಕು, ಅದು ದಿನಾ 50 ನಿಮಿಷದಷ್ಟು ತಡಾ ಆಕ್ಕೋತ ಹೋಗ್ತೈತಿ. ಅಮಾಸಿ, ಹುಣ್ಣಿಮಿ ಸುತ್ತ ನೀರು ಬಾಳ ಹಿಂದ ಸರೀತೈತಿ, ಕಲ್ಲಿನ ಸಂದ್ಯಾಗಿನ ಏಡಿ, ಮೀನ ಮರಿ ಎಲ್ಲಾ ಆವಾಗ ಕಾಣ್ತಾವ. ಮರಳಿನ ಏಡಿಗೆ ಒಂದ್ ಉಪಾಯ: ಬಿಲದಿಂದ ಎರಡ ಫೂಟ್ ದೂರ ಫೋನ್ ಮರಳಿನ ಮಟ್ಟಕ್ಕ ಇಟ್ಟು, ರೆಕಾರ್ಡ್ ಚಾಲೂ ಮಾಡಿ ನೀವು ಎದ್ದು ದೂರ ಹೋಗಿ ಸುಮ್ಮನ ಕುಂದರ್ರಿ. ಹತ್ತ ನಿಮಿಷದಾಗ ಹೊರಗ ಬಂದು ಮರಳ ಉಂಡಿ ಎಸಿಯಾಕ ಹತ್ತತೈತಿ. ನೀರು ಏರೂ ಹೊತ್ತಿನ್ಯಾಗ ಮಾತ್ರ ಹಂಗ ಬಿಟ್ಟು ಭೇಲ್ ತಿನ್ನಾಕ ಹೋಗಬ್ಯಾಡ್ರಿ. ಲೆನ್ಸ್ ಮ್ಯಾಲ ಉಪ್ಪಿನ ಹನಿ ಕುಂತ್ರ ಒಣ ಬಟ್ಟೀಲೆ ತಿಕ್ಕಿದ್ರ ಗೀರ ಬೀಳ್ತೈತಿ, ಮೊದಲು ಸಿಹಿ ನೀರಿನ ಒದ್ದಿ ಬಟ್ಟಿ, ಆಮ್ಯಾಲ ಒಣಾದು.

ಮನಿಗೆ ಬಂದ ದಿನಾನ ಫೈಲಿಗೆ ತಾರೀಖು, ಜಾಗ, ಹೊತ್ತು, ಹಕ್ಕಿ ಹೆಸರು ಹಾಕಿ ಇಡ್ರಿ. ಹೆಸರು ಗೊತ್ತಾಗದಿದ್ರ ಮರ್ಲಿನ್ ಆ್ಯಪ್‌ಗೆ ಫೋಟೋ ತೋರಿಸ್ರಿ, ಹುಳಕ್ಕ ಐನ್ಯಾಚುರಲಿಸ್ಟ್. ನನ್ನ ಫೋನಿನ್ಯಾಗ "ಹಕ್ಕಿ1, ಹಕ್ಕಿ2, ಹಕ್ಕಿ ಹೊಸಾದು, ಹಕ್ಕಿ ಹೊಸಾದು ಫೈನಲ್" ಅಂತ 64 ಜಿಬಿ ತುಂಬೇತಿ, ಆ ಟಿಟ್ಟಿಭ ಹೊಟ್ಟಿ ಅದ್ದಿದ ವಿಡಿಯೋ ಅದರಾಗ ಎಲ್ಲೋ ಐತಿ, ಇನ್ನೂ ಹುಡಕಾಕತ್ತೀನಿ.