ಟ್ಯಾಂಕಿನ ನೀರಿನ ಲೆಕ್ಕ ಅಡುಗೆಮನೆಗೆ ಬಂದದ್ದು

ಬೆಂಗಳೂರಿನ ನಮ್ಮ ಏರಿಯಾದಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟರ್ ಹಾಕಿ, ತುಂಬಿ ಸುರಿಯುವ ಸದ್ದು ಕೇಳಿದಾಗ ಓಡಿಹೋಗಿ ಆಫ್ ಮಾಡುವುದು ನಮ್ಮ ಪದ್ಧತಿ. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಅಡುಗೆಮನೆಯಲ್ಲೇ ಕಾಣಲಿ ಎಂದು, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಿಂದ ಎರಡು ಇಎಸ್‌ಪಿ8266 ಬೋರ್ಡು (ವೈಫೈ ಇರುವ ಪುಟ್ಟ ಕಂಪ್ಯೂಟರ್), ನೀರು ತಗುಲಿದರೂ ಕೆಡದ ಜೆಎಸ್‌ಎನ್-ಎಸ್‌ಆರ್04ಟಿ ಅಲ್ಟ್ರಾಸಾನಿಕ್ ಸೆನ್ಸರ್ ತಂದೆ.

ಸೆನ್ಸರನ್ನು ಟ್ಯಾಂಕಿನ ಮುಚ್ಚಳಕ್ಕೆ ಕೆಳಮುಖವಾಗಿ ಕೂರಿಸಿದೆ. ಅದರ ಶಬ್ದ ನೀರಿಗೆ ಬಡಿದು ವಾಪಸ್ ಬರುವ ಸಮಯವನ್ನು ಬೋರ್ಡು ಅಳೆಯುತ್ತದೆ. ಸುಮಾರು 58 ಮೈಕ್ರೋಸೆಕೆಂಡಿಗೆ ಒಂದು ಸೆಂ.ಮೀ. ದೂರ. ಈ ಸೆನ್ಸರಿಗೆ 20-25 ಸೆಂ.ಮೀ.ಗಿಂತ ಹತ್ತಿರದ್ದು ಕಾಣುವುದಿಲ್ಲ. ನಮ್ಮ ಮುಚ್ಚಳಕ್ಕೂ ಓವರ್‌ಫ್ಲೋ ಪೈಪಿಗೂ ನಡುವೆ ಅದಕ್ಕಿಂತ ಜಾಸ್ತಿ ಜಾಗವಿತ್ತು. ಇಲ್ಲದಿದ್ದರೆ ಎತ್ತರಿಸಿ ಕೂರಿಸಬೇಕಿತ್ತು. ಸೆನ್ಸರ್ ಕೊಡುವ ಸಿಗ್ನಲ್ 5 ವೋಲ್ಟಿನದು, ಬೋರ್ಡು ತಡೆಯುವುದು 3.3. ವೋಲ್ಟೇಜ್ ಇಳಿಸಲು ನಡುವೆ 1ಕೆ, 2ಕೆ (ಕಿಲೋ ಓಮ್) ರೆಸಿಸ್ಟರ್ ಹಾಕಿದರೆ ಸಾಕು.

ಮೋಟರ್ ಓಡುವಾಗ ನೀರು ಕುಣಿಯುತ್ತದೆ, ಅಳತೆಯೂ ಕುಣಿಯುತ್ತದೆ. ಅದಕ್ಕೆ ಐದು ಅಳತೆ ತೆಗೆದು, ಕ್ರಮವಾಗಿ ಜೋಡಿಸಿ, ನಡುವಿನದನ್ನು ಇಟ್ಟುಕೊಳ್ಳುತ್ತೇನೆ. ಸರಾಸರಿ ತೆಗೆದರೆ ಒಂದೇ ಒಂದು ತಪ್ಪು ಅಳತೆ ಎಲ್ಲವನ್ನೂ ಹಾಳು ಮಾಡುತ್ತದೆ.

ಮೇಲಿನ ಬೋರ್ಡು ಕೆಳಗೆ ಅಡುಗೆಮನೆಯಲ್ಲಿರುವುದಕ್ಕೆ ಇಎಸ್‌ಪಿ-ನೌ ಎಂಬ ವೈರ್‌ಲೆಸ್ ವಿಧಾನದ ಮೂಲಕ ನೇರವಾಗಿ ಸುದ್ದಿ ಕಳಿಸುತ್ತದೆ, ರೂಟರ್ ಬೇಡ. ಕರೆಂಟ್ ಹೋದರೆ? ಮೋಟರೂ ಓಡಲ್ಲ ಅಲ್ವಾ, ಯುಪಿಎಸ್ ತಲೆನೋವೇ ಇಲ್ಲ.

ತೋರಿಸುವುದಕ್ಕೆ ಚಂದದ ಪುಟ್ಟ ಓಎಲ್‌ಇಡಿ ಪರದೆ ಇತ್ತು. ಅಮ್ಮ ನೋಡಿ, "ಕನ್ನಡಕ ಹುಡುಕೋದರೊಳಗೆ ಟ್ಯಾಂಕ್ ತುಂಬಿರತ್ತೆ ಕಣೋ" ಎಂದರು. ನಿಜವೇ. ಟಿಎಂ1637 ಎಂಬ ನಾಲ್ಕಂಕಿಯ ಕೆಂಪು ಡಿಸ್‌ಪ್ಲೇ ಹಾಕಿದೆ, ದೂರಕ್ಕೂ ಕಾಣುತ್ತದೆ. ಟ್ಯಾಂಕಿನ ವ್ಯಾಸ 108 ಸೆಂ.ಮೀ., ಹಾಗಾಗಿ ಒಂದು ಸೆಂ.ಮೀ. ನೀರು ಅಂದರೆ ಸುಮಾರು 9 ಲೀಟರ್. ಅಂಕಿ ಲೀಟರಿನಲ್ಲೇ ಬರುತ್ತದೆ. ಎರಡು ನಿಮಿಷ ಮೇಲಿನಿಂದ ಸುದ್ದಿ ಬರದಿದ್ದರೆ ಅಂಕಿ ಹೋಗಿ ಬರೀ ಗೆರೆಗಳು ಕಾಣಬೇಕು ಎಂದು ಬರೆದಿದ್ದೇನೆ. ಹಳೆಯ ಅಂಕಿ ಸುಮ್ನೆ ನಿಂತಿದ್ದರೆ ಅದನ್ನೇ ನಂಬಿ ಕೂರುತ್ತೇವೆ. ಡಿಸ್‌ಪ್ಲೇ ಇಲ್ಲದಿರುವುದಕ್ಕಿಂತ ಅದು ಕೆಟ್ಟದ್ದು.

ಅಳತೆಗಳನ್ನು ಮೆಮೊರಿ ಕಾರ್ಡಿಗೂ ಬರೆಸುತ್ತಿದ್ದೆ. ಗ್ರಾಫ್ ಹಾಕಿದಾಗ ರಾತ್ರಿ ಎಲ್ಲರೂ ಮಲಗಿದ ಮೇಲೂ ನೀರು ಇಳಿಯುತ್ತಿತ್ತು! ಮೊದಲು ಅನುಮಾನ ಬಂದದ್ದು ಚಳಿಯ ಮೇಲೆ. ಗಾಳಿ ಒಂದು ಡಿಗ್ರಿ ತಣ್ಣಗಾದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ತಗ್ಗುತ್ತದೆ. ಆಗ ನೀರು ಇಳಿಯದಿದ್ದರೂ ಇಳಿದಂತೆ ಕಾಣುತ್ತದೆ. ಡಿಎಸ್18ಬಿ20 ಉಷ್ಣತೆ ಸೆನ್ಸರನ್ನು ಟ್ಯಾಂಕಿನೊಳಗೆ ಇಳಿಬಿಟ್ಟು ಲೆಕ್ಕ ಸರಿಮಾಡಿದೆ. ಇಳಿತ ಸ್ವಲ್ಪ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಮಲಗುವ ಮುಂಚೆ ಒಂದೊಂದೇ ವಾಲ್ವ್ ಮುಚ್ಚಿ ನೋಡಿದೆ. ಹಿಂದಿನ ಬಾತ್‌ರೂಮಿನದನ್ನು ಮುಚ್ಚಿದ ರಾತ್ರಿ ಗೆರೆ ನೆಟ್ಟಗಿತ್ತು. ಫ್ಲಶ್ ಟ್ಯಾಂಕಿನ ವಾಷರ್ ಸವೆದಿತ್ತು. ಸದ್ದೇ ಇಲ್ಲದೆ ಕಮೋಡಿಗೆ ಇಳಿಯುತ್ತಿದ್ದ ನೀರು ಅದು.