ಮಗು ತಾನೇ ಎತ್ತಿಡುವಂಥ ಕೋಣೆ

ಮಕ್ಕಳ ಕೋಣೆಯನ್ನು ಓರಣ ಮಾಡಲು ಹೊರಟವರು ಮೊದಲು ಬುಟ್ಟಿ, ಡಬ್ಬಿಗಳನ್ನು ಕೊಂಡು ತರುತ್ತಾರೆ. ದಯವಿಟ್ಟು ಅದನ್ನು ಕೊನೆಗಿಟ್ಟುಕೊಳ್ಳಿ. ಎಷ್ಟು ಸಾಮಾನು ಉಳಿಯುತ್ತದೆಂದು ಗೊತ್ತಾಗುವ ಮೊದಲೇ ಡಬ್ಬಿ ಬಂದರೆ ಬೇಡದ್ದೂ ಅದರೊಳಗೆ ಸೇರಿಕೊಳ್ಳುತ್ತದೆ. ಬದಲಿಗೆ ಒಂದು ಅಳತೆ ಮನಸ್ಸಿನಲ್ಲಿರಲಿ: ದೊಡ್ಡವರ ನೆರವಿಲ್ಲದೆ ಮಗು 10 ನಿಮಿಷದಲ್ಲಿ ಎತ್ತಿಡಬಲ್ಲಷ್ಟು ಸಾಮಾನು ಮಾತ್ರ ಅದರ ಕೈಗೆ ಸಿಗುವಂತಿರಬೇಕು. ನೆಲದ ತುಂಬ ಹರಡಿದ ನೂರಾರು ತುಂಡುಗಳನ್ನು ತೋರಿಸಿ ‘ಎಲ್ಲ ಎತ್ತಿಡು’ ಎಂದರೆ 5 ವರ್ಷದ ಮಗುವಿಗೆ ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯುವುದಿಲ್ಲ. ಅದನ್ನು ಸೋಮಾರಿತನ ಎಂದು ಬೈಯುವುದು ಅನ್ಯಾಯ.

ಬಟ್ಟೆ ಮೊದಲು, ಆಟಿಕೆ ಆಮೇಲೆ

ಇಡೀ ಕೋಣೆಯನ್ನು ಒಂದೇ ದಿನ ನೆಲಕ್ಕೆ ಸುರಿಯಬೇಡಿ. ಸಂಜೆಯ ಹೊತ್ತಿಗೆ ನಿಮಗೂ ಸುಸ್ತು, ಮಗುವಿಗೆ ಮಲಗಲೂ ಜಾಗವಿರುವುದಿಲ್ಲ. ದಿನಕ್ಕೆ ಒಂದು ಡ್ರಾಯರ್, ಇಲ್ಲವೇ ಒಂದು ಬಗೆಯ ಸಾಮಾನು ಸಾಕು. ಬಟ್ಟೆಯಿಂದ ಶುರುಮಾಡುವುದು ಒಳ್ಳೆಯದು. ಹಾಕಿ ನೋಡಿದರೆ ಬಿಗಿಯೋ ಸರಿಯೋ ತಿಳಿದುಬಿಡುತ್ತದೆ, ವಾದಕ್ಕೆ ಎಡೆಯೇ ಇಲ್ಲ. ಈಗ ಹಾಕುವಂಥದ್ದನ್ನಷ್ಟೇ ಕೋಣೆಯಲ್ಲಿಟ್ಟು, ಚಿಕ್ಕದಾದದ್ದನ್ನೂ ಮುಂದೆ ಬೇಕಾಗುವುದನ್ನೂ ಹೊರಗೆ ಸಾಗಿಸಿ. ಮರುದಿನ ಪುಸ್ತಕ, ಬರೆಯುವ ಸಾಮಾನು. ಯಾವ ಸ್ಕೆಚ್ ಪೆನ್ ಒಣಗಿದೆ ಎಂದು ಹಾಳೆಯ ಮೇಲೆ ಗೀಚಿ ನೋಡುವ ಕೆಲಸವನ್ನು ಮಗುವಿಗೇ ಕೊಡಿ, ಖುಷಿಯಿಂದ ಮಾಡುತ್ತದೆ.

ಕಷ್ಟವಿರುವುದು ಆಟಿಕೆಗಳಲ್ಲಿ. ‘ಇದು ಬೇಕಾ, ಬೇಡವಾ?’ ಎಂದು ಕೇಳಿದರೆ ಪ್ರತಿಸಲವೂ ‘ಬೇಕು’ ಎಂಬ ಉತ್ತರವೇ ಬರುತ್ತದೆ. ಕೇಳುವ ರೀತಿ ಬದಲಿಸಿ. ಒಂದೇ ಬಗೆಯವನ್ನೆಲ್ಲ ಸಾಲಾಗಿ ಜೋಡಿಸಿ, ‘ಈ ಕಾರುಗಳಲ್ಲಿ ನಿನಗೆ ತುಂಬಾ ಇಷ್ಟವಾದ 6 ಯಾವುವು, ಆರಿಸು’ ಎನ್ನಿ. ಬಿಟ್ಟುಕೊಡುವುದಕ್ಕಿಂತ ಆರಿಸಿಕೊಳ್ಳುವುದು ಮಗುವಿಗೆ ಸುಲಭ. ಮುರಿದು ಚೂಪಾಗಿರುವುದನ್ನು ದೊಡ್ಡವರೇ ತೆಗೆಯಬೇಕು, ಆದರೆ ಮಗುವಿನ ಎದುರಿಗೇ, ಕಾರಣ ಹೇಳಿ. ಅದು ಶಾಲೆಗೆ ಹೋದ ಹೊತ್ತಿನಲ್ಲಿ ಗುಟ್ಟಾಗಿ ಎಸೆಯುವುದನ್ನು ನಾನು ಒಪ್ಪಲಾರೆ. ಒಮ್ಮೆ ಗೊತ್ತಾದರೆ ಮಗು ಪ್ರತಿ ಚೂರನ್ನೂ ಕಾವಲು ಕಾಯತೊಡಗುತ್ತದೆ, ಮುಂದಿನ ಸಲ ಏನನ್ನೂ ಬಿಟ್ಟುಕೊಡುವುದಿಲ್ಲ. ಬೇರೆ ಮಕ್ಕಳಿಗೆ ಕೊಡುವುದಾದರೆ ತೊಳೆದು ಒರೆಸಿ, ತುಂಡುಗಳೆಲ್ಲ ಇವೆಯೇ ಎಂದು ನೋಡಿ ಕೊಡಿ.

ಉಳಿಸಿಕೊಂಡ ಆಟಿಕೆಗಳನ್ನೂ ಒಟ್ಟಿಗೇ ಹೊರಗಿಡಬೇಕಿಲ್ಲ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಪುಟ್ಟ ಮಕ್ಕಳಿಗೆ ಒಮ್ಮೆ 4, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಿದರು. 4 ಮಾತ್ರ ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಹಾಗಾಗಿ ಮೂರರಲ್ಲೊಂದು ಪಾಲು ಹೊರಗಿಟ್ಟು, ಮಿಕ್ಕದ್ದನ್ನು ಬೇರೆಡೆ ಎತ್ತಿಡಿ. ಎರಡು ಮೂರು ವಾರಕ್ಕೊಮ್ಮೆ ಅದಲುಬದಲು ಮಾಡಿ. ಮಗು ತಬ್ಬಿಕೊಂಡು ಮಲಗುವ ಗೊಂಬೆಯನ್ನು ಮಾತ್ರ ಈ ಸರದಿಗೆ ಸೇರಿಸಬೇಡಿ.

ಚಿತ್ರಗಳ ರಾಶಿಗೆ ಒಂದು ವರ್ಷಕ್ಕೊಂದು ಫೈಲ್ ಸಾಕು. ಯಾವುದು ಉಳಿಯಬೇಕೆಂದು ಮಗುವೇ ಹೇಳಲಿ. ಇಟ್ಟುಕೊಳ್ಳದವುಗಳ ಫೋಟೊ ತೆಗೆದಿಡಿ. ಇಟ್ಟುಕೊಂಡ ಚಿತ್ರದ ಹಿಂದೆ ತಾರೀಕಿನ ಜೊತೆ, ಅದು ಏನೆಂದು ಮಗು ಹೇಳಿತೋ ಅದನ್ನೂ ಬರೆಯಿರಿ.

ಜಾಗ ಗೊತ್ತುಮಾಡುವುದು

ಈಗ ಮಗುವಿನ ಎತ್ತರಕ್ಕೆ ಕುಳಿತು ಕೋಣೆಯನ್ನು ನೋಡಿ. 1907ರಲ್ಲಿ ರೋಮ್‌ನಲ್ಲಿ ಮೊದಲ ‘ಮಕ್ಕಳ ಮನೆ’ ತೆರೆದ ಮರಿಯಾ ಮಾಂಟೆಸ್ಸರಿ ಅವರ ಪದ್ಧತಿಯಲ್ಲಿ ಮೇಜು, ಕುರ್ಚಿ, ಕಪಾಟು ಎಲ್ಲವೂ ಮಗುವಿನ ಅಳತೆಗೇ ಇರುತ್ತವೆ. ಮನೆಗೂ ಇದೇ ಸರಿ: ಬಾಗಿಲಿಲ್ಲದ ತಗ್ಗು ಶೆಲ್ಫ್, ಮಗು ಒಂದೇ ಕೈಯಲ್ಲಿ ಎಳೆಯಬಲ್ಲ ಹಗುರ ಬುಟ್ಟಿ, ಬಟ್ಟೆ ಮತ್ತು ಶಾಲೆಯ ಬ್ಯಾಗಿಗೆ ಅದರ ಭುಜದ ಎತ್ತರದಲ್ಲಿ ಕೊಕ್ಕೆ. ಆಳವಾದ ದೊಡ್ಡ ಪೆಟ್ಟಿಗೆ ಬೇಡ. ತಳದಲ್ಲಿರುವುದೊಂದು ಬೇಕಾದರೆ ಮಗು ಎಲ್ಲವನ್ನೂ ಹೊರಗೆ ಸುರಿಯುತ್ತದೆ.

ವಿಂಗಡಣೆ ಒರಟಾಗಿಯೇ ಇರಲಿ. ಬ್ಲಾಕುಗಳಿಗೆ ಒಂದು ಬುಟ್ಟಿ, ಗಾಡಿಗಳಿಗೆ ಒಂದು, ಗೊಂಬೆಗಳಿಗೆ ಒಂದು. ಬಣ್ಣ ಬಣ್ಣಕ್ಕೂ ಬೇರೆ ಡಬ್ಬಿಯಿಟ್ಟರೆ ನೋಡಲು ಚೆಂದ, ಎತ್ತಿಡಲು ಯಾರಿಗೂ ತಾಳ್ಮೆಯಿರುವುದಿಲ್ಲ. ಓದಲು ಬಾರದ ಮಗುವಿಗೆ ಬುಟ್ಟಿಯ ಮೇಲೆ ಚಿತ್ರ ಅಂಟಿಸಿ. ಜಿಗ್‌ಸಾ ಪಜಲ್‌ಗಳಿದ್ದರೆ ಒಂದೊಂದರ ತುಂಡುಗಳ ಹಿಂದೆಯೂ ಒಂದೊಂದು ಗುರುತು ಹಾಕಿ. ಮಂಚದಡಿ ಸಿಕ್ಕ ತುಂಡು ಯಾವುದರದ್ದೆಂದು ಹುಡುಕಾಡಬೇಕಿಲ್ಲ.

ಅಪಾಯ ಎಲ್ಲಿದೆ ನೋಡಿ

ಇದನ್ನು ಅವಸರದಲ್ಲಿ ಮುಗಿಸಬೇಡಿ. ಮಕ್ಕಳು ಡ್ರಾಯರ್‌ಗಳನ್ನು ಹೊರಗೆಳೆದು ಮೆಟ್ಟಿಲು ಹತ್ತಿದಂತೆ ಹತ್ತುತ್ತಾರೆ, ಆಗ ಬೀರು ಮುಂದಕ್ಕೆ ಮಗುಚುತ್ತದೆ. ಬೀರು, ಎತ್ತರದ ಶೆಲ್ಫುಗಳನ್ನು ಪಟ್ಟಿ ಹಾಕಿ ಗೋಡೆಗೆ ಬಿಗಿಯಿರಿ. ಭಾರದ್ದೆಲ್ಲ ಕೆಳಗಿರಲಿ, ಮಗುವಿಗೆ ಆಸೆಯಾಗುವಂಥದ್ದನ್ನು ಬೀರುವಿನ ತಲೆಯ ಮೇಲಿಡಬೇಡಿ. ಮುಚ್ಚಳದ ಆಟಿಕೆ ಪೆಟ್ಟಿಗೆ ಇದ್ದರೆ, ಮುಚ್ಚಳ ಧಡಕ್ಕನೆ ಬೀಳದಂತಿರಬೇಕು, ಗಾಳಿಯಾಡಲು ತೂತುಗಳಿರಬೇಕು. ಕಿಟಕಿ ಪರದೆಯ ಹಗ್ಗ ಜೋತಾಡುತ್ತಿದ್ದರೆ ಮೇಲಕ್ಕೆ ಕಟ್ಟಿ.

ವಿಂಗಡಿಸುವಾಗ ಸಿಗುವ ಗುಂಡಿಯಾಕಾರದ ಬ್ಯಾಟರಿಗಳನ್ನು ಆಗಲೇ ಎತ್ತಿಡಿ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯಲ್ಲೇ ಗಂಭೀರವಾಗಿ ಸುಡಬಲ್ಲದು; ನುಂಗಿದ ಅನುಮಾನ ಬಂದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪುಟ್ಟ, ಬಲವಾದ ಅಯಸ್ಕಾಂತಗಳೂ ಅಷ್ಟೇ ಅಪಾಯ: ಹೊಟ್ಟೆ ಸೇರಿದ ಎರಡು ಚೂರುಗಳು ಕರುಳಿನ ಗೋಡೆಯನ್ನು ನಡುವೆ ಸಿಕ್ಕಿಸಿಕೊಂಡು ತೂತು ಮಾಡಬಹುದು. ಮನೆಯಲ್ಲಿ 3 ವರ್ಷದೊಳಗಿನ ಮಗುವಿದ್ದರೆ, ಅಣ್ಣ ಅಕ್ಕಂದಿರ ಸಣ್ಣ ತುಂಡುಗಳೆಲ್ಲ ಅದಕ್ಕೆ ಎಟುಕದ ಕಡೆ ಹೋಗಲಿ.

ಮೆತ್ತನೆಯ ಗೊಂಬೆಗಳಲ್ಲಿ ಧೂಳುಹುಳ ಸೇರಿಕೊಳ್ಳುತ್ತದೆ. ಲೇಬಲ್‌ನಲ್ಲಿ ಅನುಮತಿಯಿದ್ದರೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಿರಿ. ಬಿಸಿ ತಾಳದ್ದನ್ನು ಚೀಲದಲ್ಲಿ ಕಟ್ಟಿ 24 ಗಂಟೆ ಫ್ರೀಜರಿನಲ್ಲಿಟ್ಟು, ಆಮೇಲೆ ತಣ್ಣೀರಿನಲ್ಲಿ ತೊಳೆಯಿರಿ.

ದಿನದ 10 ನಿಮಿಷ

ಮಲಗುವ ಮುನ್ನ ಎತ್ತಿಡುವ ಹೊತ್ತು ಗೊತ್ತಾಗಿರಲಿ. ‘ಕೋಣೆ ಕ್ಲೀನ್ ಮಾಡು’ ಎನ್ನುವ ಬದಲು ‘ಮೊದಲು ಬ್ಲಾಕ್ ಎಲ್ಲ ಬುಟ್ಟಿಗೆ ಹಾಕೋಣ’ ಎನ್ನಿ. ಶುರುವಿನ ದಿನಗಳಲ್ಲಿ ನೀವೂ ಕೈಜೋಡಿಸಿ. ಅರ್ಧ ಕಟ್ಟಿದ ಕೋಟೆಯನ್ನು ಕೆಡವಲು ಮಗುವನ್ನು ಬಲವಂತ ಮಾಡಬೇಡಿ. ಅಂಥದ್ದಕ್ಕೆಂದೇ ಒಂದು ಹಲಗೆ ಅಥವಾ ಮೂಲೆ ಬಿಟ್ಟುಕೊಡಿ, ನಾಳೆ ಮುಂದುವರಿಸಲಿ. ಒಂದೇ ವಸ್ತು ದಿನಾ ನೆಲದ ಮೇಲೆ ಉಳಿಯುತ್ತಿದ್ದರೆ ಅದರ ಜಾಗ ದೂರವಿದೆಯೋ, ಎತ್ತರದಲ್ಲಿದೆಯೋ, ಮುಚ್ಚಳ ಬಿಗಿಯೋ ನೋಡಿ, ಜಾಗ ಬದಲಿಸಿ.